ಒಳ್ಳೆ ಮಾಲು ಗುಂಪಿಗೆ ಬರುತ್ತಿಲ್ಲ, ಏನು ಮಾಡೋಣ?

ಪ್ರಿಯ ಓದುಗರೇ,

ತರಕಾರಿ ಬೆಳೆಯುವ ಸಣ್ಣ ರೈತರೆಲ್ಲ ಸೇರಿ, ಮಾಲನ್ನು ಒಟ್ಟಿಗೆ ಮಾರಲು ಗುಂಪು ಕಟ್ಟಿದ್ದೀರಿ. ವ್ಯಾಪಾರಿ ಸ್ವಲ್ಪ ಜಾಸ್ತಿ ದರ ಹೇಳಿದ ದಿನ ಸದಸ್ಯರು ಒಳ್ಳೆ ಮಾಲನ್ನು ಅವನಿಗೇ ಹಾಕಿ, ಉಳಿದದ್ದನ್ನು ಗುಂಪಿಗೆ ತರುತ್ತಾರೆ. ದಂಡ ಹಾಕಬಹುದೇ ಎಂದು ಕೇಳಿದ್ದೀರಿ.

ದಂಡದ ಮಾತು ಈಗಲೇ ಬೇಡ. ಗುಂಪಿನ ದುಡ್ಡು ಕೈಗೆ ಬರಲು 15 ದಿನ ಆಗುತ್ತದೆ ಎಂದು ನೀವೇ ಬರೆದಿದ್ದೀರಿ. ವ್ಯಾಪಾರಿ ಹೊಲದ ಬದುವಿನಲ್ಲೇ ನೋಟು ಎಣಿಸಿ ಕೊಡುತ್ತಾನೆ. ಸಂಜೆ ಕೂಲಿ ಬಟವಾಡೆ ಮಾಡಬೇಕಾದವರು ಇನ್ನೇನು ಮಾಡಿಯಾರು? ಅದನ್ನು ದ್ರೋಹ ಎನ್ನಲು ನನಗೆ ಮನಸ್ಸಿಲ್ಲ. ಮಾರಿದ ಪ್ರತಿ ಕಿಲೋದಿಂದ ಸ್ವಲ್ಪ ಹಿಡಿದು ಒಂದು ನಿಧಿ ಮಾಡಿ. ತೂಕ ಆದ ದಿನವೇ ಆ ನಿಧಿಯಿಂದ ಅರ್ಧಕ್ಕಿಂತ ಹೆಚ್ಚು ದುಡ್ಡು ಕೊಡಿ. ಬಾಕಿಯನ್ನು ವಾರದ ಲೆಕ್ಕ ಮುಗಿದ ಮೇಲೆ ಕೊಟ್ಟರಾಯಿತು.

ಇನ್ನು ವಿಂಗಡಣೆ. ಗುಂಪುಗಳು ಒಡೆಯುವುದು ಜಾಸ್ತಿ ಇಲ್ಲೇ. ಟೊಮೆಟೊ ಕ್ರೇಟಿನ ಮೇಲೆ ಹೊಳೆಯುವ ಹಣ್ಣು, ಅಡಿಯಲ್ಲಿ ಸೀಳಿದ್ದು, ಹುಳ ಕೊರೆದದ್ದು. ಅಂಥದ್ದೊಂದು ಕ್ರೇಟ್ ಸಿಕ್ಕರೂ ಸಾಕು, ಖರೀದಿದಾರ ಇಡೀ ಲೋಡಿನ ದರ ಇಳಿಸುತ್ತಾನೆ. ಚೆನ್ನಾಗಿ ಬೆಳೆದವನಿಗೂ ಅದೇ ದರ ಅಂದರೆ ಅವನು ಯಾಕೆ ಉಳಿಯಬೇಕು, ಅಲ್ವಾ? ಕ್ರೇಟನ್ನು ಸುರಿದು, ಬೆಳೆದವರ ಕಣ್ಣೆದುರೇ ವಿಂಗಡಿಸಿ. ಅಧ್ಯಕ್ಷರ ಮಾಲನ್ನೂ ಸುರಿಯಿರಿ. ದರ್ಜೆಗೊಂದು ದರ ಇರಲಿ. ಆದರೆ ಒಂದೇ ದರ್ಜೆಯ ಮಾಲಿಗೆ ವಾರದ ಸರಾಸರಿ ದರವನ್ನು ಎಲ್ಲರಿಗೂ ಕೊಡಿ. ಆಗ ದರ ಬಿದ್ದ ದಿನ ಕೊಯ್ದವರು ಒಬ್ಬರೇ ನಷ್ಟ ಹೊರುವುದು ತಪ್ಪುತ್ತದೆ.

ನೆದರ್ಲೆಂಡ್ಸ್‌ನ ಬ್ರೂಕ್ ಆಪ್ ಲಾಂಗೆಡೈಕ್ ಎಂಬ ಊರಲ್ಲಿ ರೈತರು ದೋಣಿಗಳಲ್ಲಿ ತರಕಾರಿ ತರುತ್ತಿದ್ದರು. 1887ರಲ್ಲಿ ಅಲ್ಲಿ ಹರಾಜು ಶುರುವಾಯಿತು. ಅಲ್ಲಿಯವರೆಗೆ ವ್ಯಾಪಾರಿ ಒಬ್ಬೊಬ್ಬ ರೈತನ ಹತ್ತಿರ ಬೇರೆ ಬೇರೆ ಚೌಕಾಸಿ ಮಾಡುತ್ತಿದ್ದ. ಹರಾಜಿನಲ್ಲಿ ವ್ಯಾಪಾರಿಗಳೇ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದರು. ಮುಂದೆ ಆ ದೇಶದ ಸಹಕಾರಿ ಹರಾಜುಗಳು, ಸದಸ್ಯರು ಮಾಲನ್ನು ಹರಾಜಿಗೇ ತರಬೇಕು ಎಂಬ ನಿಯಮವನ್ನೂ ಮಾಡಿದವು. ಆದ್ದರಿಂದ ಕಟ್ಟುಪಾಡು ತಪ್ಪೇನಲ್ಲ. ಮಾಲು ತಂದವರಿಗೆ ಲಾಭ ಕಾಣುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ.

ದುಡ್ಡು, ವಿಂಗಡಣೆ ಎರಡೂ ಸರಿಹೋದ ಮೇಲೆ ಸಭೆ ಕರೆಯಿರಿ. ಕೊಯ್ಲಿನಲ್ಲಿ ಎಷ್ಟು ಪಾಲು ಗುಂಪಿಗೆ ಎಂದು ಪ್ರತಿಯೊಬ್ಬರೂ ಬರೆದುಕೊಡಲಿ. ಉಳಿದದ್ದನ್ನು ಎಲ್ಲಿ ಬೇಕಾದರೂ ಮಾರಿಕೊಳ್ಳಲಿ, ಅದಕ್ಕೆ ತಕರಾರು ಬೇಡ. ಬರೆದುಕೊಟ್ಟ ಪಾಲು ಬರದಿದ್ದಾಗ ದಂಡ ಎಷ್ಟು ಎಂದು ಅದೇ ಸಭೆಯಲ್ಲಿ ಅವರೇ ಹೇಳಲಿ. ಹಾಗೆಯೇ ಯಾರು ಯಾವ ವಾರ ನಾಟಿ ಮಾಡುವುದು ಎಂದೂ ಅಲ್ಲೇ ಗೊತ್ತುಮಾಡಿಕೊಳ್ಳಿ. ಎಲ್ಲರ ಬೆಳೆಯೂ ಒಟ್ಟಿಗೇ ಕೊಯ್ಲಿಗೆ ಬಂದರೆ ಗುಂಪಿದ್ದರೂ ದರ ನಿಲ್ಲುವುದಿಲ್ಲ.

ಸಂಪಾದಕ