ನಿಯಾಂಡರ್ತಾಲರನ್ನು ನಾವೇ ಕೊಂದೆವಾ?

ತಿಪಟೂರಿನ ಓದುಗರೊಬ್ಬರ ಪತ್ರ: "ಅಳಿದುಹೋದ ಇನ್ನೊಂದು ಮಾನವ ಕುಲವಾದ ನಿಯಾಂಡರ್ತಾಲರ ಮೆದುಳು ನಮ್ಮಷ್ಟೇ ದೊಡ್ಡದು, ಮೈಕಟ್ಟು ನಮಗಿಂತ ಗಟ್ಟಿ, ಚಳಿಯೂ ಅಭ್ಯಾಸ. ಆದರೂ ಅಳಿದರು ಅಂದರೆ ನಮ್ಮ ಪೂರ್ವಜರೇ ಕೊಂದಿರಬೇಕು, ಅಲ್ವಾ? ವಿಜ್ಞಾನಿಗಳು ಯಾಕೆ ನೇರವಾಗಿ ಹೇಳುವುದಿಲ್ಲ? ಅವರ ಡಿಎನ್‌ಎ ನಮ್ಮಲ್ಲೂ ಇದೆಯಂತೆ, ಟೆಸ್ಟ್ ಮಾಡಿಸಬಹುದಾ?"

ಸಂಪಾದಕರ ಉತ್ತರ:

ನಮಸ್ಕಾರ ಸಾರ್. ನೇರವಾಗಿಯೇ ಹೇಳುತ್ತೇನೆ: ಕೊಂದು ಮುಗಿಸಿದೆವು ಅನ್ನುವುದಕ್ಕೆ ಸಾಕ್ಷಿ ತೀರಾ ಕಡಿಮೆ. ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲನ ಪಕ್ಕೆಲುಬಿನಲ್ಲಿ ಚೂಪಾದ ಆಯುಧದ ಗಾಯವಿದೆ. ಅದು ಎಸೆದ ಈಟಿಯದು, ಹಾಗೆ ಎಸೆಯುತ್ತಿದ್ದವರು ನಮ್ಮವರು, ಹಾಗಾಗಿ ನಮ್ಮವರ ಕೈವಾಡ ಇರಬಹುದು ಅಂತ ಕೆಲವರ ವಾದ. ಒಂದು ಪಕ್ಕೆಲುಬಿನ ಮೇಲೆ ಇಡೀ ಕುಲದ ಕೊಲೆ ಕೇಸು ನಿಲ್ಲುತ್ತಾ?

ಕಾಲವನ್ನೂ ನೋಡಿ. 2014ರಲ್ಲಿ ಪ್ರಕಟವಾದ ರೇಡಿಯೋಕಾರ್ಬನ್ (ಮೂಳೆಯಂಥವುಗಳಲ್ಲಿ ಉಳಿದ ಇಂಗಾಲದಿಂದ ವಯಸ್ಸು ಅಳೆಯುವ) ಲೆಕ್ಕದ ಪ್ರಕಾರ ಅವರು ಸುಮಾರು 40,000 ವರ್ಷಗಳ ಹಿಂದೆ ಯುರೋಪಿನಿಂದ ಕಾಣೆಯಾದರು. ಅದಕ್ಕೆ ಮೊದಲು 2,600ರಿಂದ 5,400 ವರ್ಷ ಅವರೂ ನಮ್ಮವರೂ ಆ ಖಂಡದಲ್ಲಿ ಒಟ್ಟಿಗಿದ್ದರು. ಹಲ್ಮಿಡಿ ಶಾಸನ ಕೆತ್ತಿ ಇವತ್ತಿಗೆ ಸುಮಾರು ಒಂದೂವರೆ ಸಾವಿರ ವರ್ಷ, ಇವರು ಒಟ್ಟಿಗಿದ್ದ ಕಾಲ ಕಡಿಮೆ ಅಂದರೂ ಅದಕ್ಕಿಂತ ಸಾವಿರ ವರ್ಷ ಜಾಸ್ತಿ. ಇಷ್ಟು ನಿಧಾನದ ಯುದ್ಧ ಯಾರೂ ಮಾಡುವುದಿಲ್ಲ.

ಹವಾಮಾನ ಅಂತೀರಾ? ಆ ಹೊತ್ತಿಗೆ ಚಳಿ ವಿಪರೀತ ಏರಿಳಿಯುತ್ತಿತ್ತು, ನಿಜ. ಆದರೆ ಅವರು ಲಕ್ಷಾಂತರ ವರ್ಷ ಹಿಮಯುಗಗಳನ್ನು ದಾಟಿ ಬಂದವರು. ನೇಪಲ್ಸ್ ಬಳಿ ಸುಮಾರು 40,000 ವರ್ಷಗಳ ಹಿಂದೆ ಭಾರೀ ಜ್ವಾಲಾಮುಖಿ ಸ್ಫೋಟಿಸಿತು, ಅದನ್ನೂ ಕೆಲವರು ದೂರುತ್ತಾರೆ. ಅದರ ಬೂದಿ ಹೆಚ್ಚಾಗಿ ಹೋಗಿದ್ದು ಪೂರ್ವಕ್ಕೆ, ಪಶ್ಚಿಮದಲ್ಲಿದ್ದವರ ಕಥೆ ಅದರಿಂದ ಬಗೆಹರಿಯುವುದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಬೇರೆ: ಅವರು ಮೊದಲಿನಿಂದಲೂ ತೀರಾ ಕಡಿಮೆ ಜನ. ಸೈಬೀರಿಯಾದ ಚಾಗಿರ್ಸ್ಕಾಯಾ ಗುಹೆಯ ಮೂಳೆಗಳ ಡಿಎನ್‌ಎ ಓದಿದಾಗ, 2022ರಲ್ಲಿ, ಒಬ್ಬ ತಂದೆ ಮತ್ತು ಹರೆಯದ ಮಗಳು ಸಿಕ್ಕರು, ಜೊತೆಗೆ ಆ ಗುಂಪಿನಲ್ಲಿ 10ರಿಂದ 20 ಜನ ಮಾತ್ರ ಇದ್ದಿರಬೇಕು ಅನ್ನುವ ಅಂದಾಜೂ ಸಿಕ್ಕಿತು. ಆ ಗುಹೆಯಿರುವ ಅಲ್ಟಾಯ್ ಬೆಟ್ಟಗಳದೇ ಇನ್ನೊಬ್ಬ ಹೆಂಗಸಿನ ತಂದೆತಾಯಿ ಮಲತಾಯಿ ಮಕ್ಕಳಷ್ಟು ಹತ್ತಿರದ ರಕ್ತಸಂಬಂಧಿಗಳು. ಫ್ರಾನ್ಸಿನ ಮಾಂಡ್ರಾನ್ ಗುಹೆಯಲ್ಲಿ ಸಿಕ್ಕ 'ಥೋರಿನ್' ಅನ್ನುವವನ ಕುಲವಂತೂ ಸುಮಾರು 50,000 ವರ್ಷ ಬೇರೆ ನಿಯಾಂಡರ್ತಾಲರೊಂದಿಗೆ ಬೆರೆತೇ ಇರಲಿಲ್ಲ. ಆ ಬೇರೆಯವರೇನೂ ಸಮುದ್ರದಾಚೆ ಇದ್ದವರಲ್ಲ, ಹತ್ತಾರು ದಿನ ನಡೆದರೆ ಸಿಗುತ್ತಿದ್ದವರು! ಯಾಕೆ ಹೋಗಲಿಲ್ಲವೋ, ಅದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ.

ಹೀಗೆ ಚೂರು ಚೂರಾಗಿ ಬದುಕುವವರನ್ನು ಅಳಿಸಲು ಯಾರೂ ಕೊಲ್ಲಬೇಕಾಗಿಲ್ಲ. ಒಂದು ವರ್ಷ ಬೇಟೆ ಸಿಗಲಿಲ್ಲ, ಎರಡು ಹೆರಿಗೆಯಲ್ಲಿ ತಾಯಂದಿರು ಹೋದರು, ಹುಟ್ಟಿದವೆಲ್ಲ ಗಂಡುಮಕ್ಕಳೇ ಆದವು, ಆ ಗುಂಪು ಮುಗಿಯಿತು. ಮಾನವಶಾಸ್ತ್ರಜ್ಞ ಎಜ್ರಾ ಜುಬ್ರೋ 1989ರಲ್ಲೇ ಒಂದು ಲೆಕ್ಕ ಹಾಕಿದ್ದರು: ಸಾವಿನ ಪ್ರಮಾಣ ನಮ್ಮವರಿಗಿಂತ ಶೇ 2ರಷ್ಟು ಜಾಸ್ತಿಯಿದ್ದರೂ ಸಾಕು, ಸುಮಾರು 30 ತಲೆಮಾರುಗಳಲ್ಲಿ ಅವರು ಇಲ್ಲವಾಗುತ್ತಾರೆ. ಲೆಕ್ಕ ಲೆಕ್ಕವೇ, ಒಪ್ಪುತ್ತೇನೆ. ಆದರೆ ದಿಕ್ಕು ಸರಿಯಿದೆ ಅನ್ನಿಸುತ್ತದೆ.

ಹಾಗಂತ ನಮ್ಮವರು ನಿರ್ದೋಷಿಗಳು ಅಂತಲ್ಲ. ಅದೇ ಬೇಟೆ, ಅದೇ ಗುಹೆ, ಮೇಲೆ ನಮ್ಮವರ ಸಂಖ್ಯೆಯೂ ಜಾಸ್ತಿ. ಅವರಲ್ಲಿ ಕೆಲವರು ನಮ್ಮವರ ಜೊತೆ ಸಂಸಾರವನ್ನೂ ಮಾಡಿದರು. ರೊಮೇನಿಯಾದ ಓಆಸೆ ಗುಹೆಯಲ್ಲಿ ಸಿಕ್ಕ ಸುಮಾರು 40,000 ವರ್ಷ ಹಳೆಯ ನಮ್ಮವನೊಬ್ಬನಿಗೆ ನಾಲ್ಕರಿಂದ ಆರು ತಲೆಮಾರು ಹಿಂದೆ ಒಬ್ಬ ನಿಯಾಂಡರ್ತಾಲ್ ಪೂರ್ವಜ. ಚಿಕ್ಕ ಗುಂಪಿನಿಂದ ನಾಲ್ಕು ಜನ ಹೀಗೆ ಆಚೆ ಹೋದರೂ ಉಳಿದವರಿಗೆ ಅದು ದೊಡ್ಡ ನಷ್ಟವೇ.

ಟೆಸ್ಟ್ ವಿಷಯ: ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಆಫ್ರಿಕಾದ ಹೊರಗಿನ ಎಲ್ಲರಲ್ಲೂ ಶೇ 1ರಿಂದ 2ರಷ್ಟು ಇರುತ್ತದೆ, ನಿಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲೊಂದು ತುಣುಕು ಮಾತ್ರ ನಮ್ಮ ಕಡೆಯವರಿಗೆ ಸಂಬಂಧಪಟ್ಟದ್ದು. ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುವ ಮೂರನೇ ಕ್ರೋಮೋಸೋಮಿನ ಒಂದು ಭಾಗ ಅವರಿಂದ ಬಂದದ್ದು ಅಂತ ವಿಜ್ಞಾನಿಗಳಾದ ಹ್ಯೂಗೋ ಜೀಬರ್ಗ್ ಮತ್ತು ಸ್ವಾಂಟೆ ಪಾಬೋ 2020ರಲ್ಲಿ ತೋರಿಸಿದರು. ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ.