ಏಳು ವರ್ಷದ ಮಗನನ್ನು ಜೆಂಟ್ಸ್ ಟಾಯ್ಲೆಟ್‌ಗೆ ಒಬ್ಬನೇ ಕಳಿಸಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗನಿಗೆ ಈಗ ಏಳು ವರ್ಷ, ಎರಡನೇ ಕ್ಲಾಸು. ನಮ್ಮ ಮನೆಯವರು ಕೆಲಸದ ಮೇಲೆ ಬೇರೆ ಊರಲ್ಲಿರುತ್ತಾರೆ. ಹಾಗಾಗಿ ತವರಿಗೆ, ಮದುವೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ನಾನೇ ಅವನನ್ನು ಕರೆದುಕೊಂಡು ಬಸ್ಸಿನಲ್ಲಿ ಓಡಾಡುತ್ತೇನೆ. ಮೊನ್ನೆ ಒಂದು ಬಸ್ ನಿಲ್ದಾಣದಲ್ಲಿ ಲೇಡೀಸ್ ಟಾಯ್ಲೆಟ್‌ಗೆ ಹೋದಾಗ ಸಾಲಿನಲ್ಲಿದ್ದ ಒಬ್ಬರು, "ಇಷ್ಟು ದೊಡ್ಡ ಹುಡುಗನ್ನ ಯಾಕ್ರೀ ಇಲ್ಲಿಗೆ ಕರ್ಕೊಂಡು ಬರ್ತೀರಾ?" ಎಂದು ಎಲ್ಲರೆದುರು ರೇಗಿದರು. ಮಗ ತಲೆ ತಗ್ಗಿಸಿಬಿಟ್ಟ. ಅವತ್ತಿನಿಂದ "ನಾನು ಲೇಡೀಸ್‌ಗೆ ಬರಲ್ಲ" ಎಂದು ಹಟ. ಊರಿಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಜೆಂಟ್ಸ್‌ಗೆ ಒಬ್ಬನನ್ನೇ ಕಳಿಸಲು ನನಗೆ ಧೈರ್ಯವಿಲ್ಲ. ಎಷ್ಟು ವರ್ಷವಾದ ಮೇಲೆ ಕಳಿಸಬಹುದು?
ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ನೋಡಿ ತಾಯಿ, ಮೊದಲು ನೀರಿನ ವಿಷಯ. ಒಂದಕ್ಕೆ ಬಂದರೂ ತಡೆದುಕೊಂಡು ಕೂರುವುದು, ಅದಕ್ಕಾಗಿ ನೀರು ಬಿಡುವುದು, ಇವೆರಡೂ ಮಕ್ಕಳಿಗೆ ಕೆಟ್ಟದ್ದು. ಉರಿಮೂತ್ರ ಬರುತ್ತದೆ, ಮೂತ್ರದ ಸೋಂಕಾಗುತ್ತದೆ. ಎರಡಕ್ಕೆ ತಡೆದರೆ ಮಲ ಗಟ್ಟಿಯಾಗಿ, ಹೋಗುವಾಗ ನೋವಾಗಿ, ಆ ನೋವಿಗೆ ಹೆದರಿ ಮಗು ಇನ್ನೂ ತಡೆಯುತ್ತದೆ. ಆದ್ದರಿಂದ ವಯಸ್ಸಿನ ಪ್ರಶ್ನೆ ಆಮೇಲೆ. ಇವತ್ತೇ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿ: "ಅವರು ಹಾಗೆ ರೇಗಿದ್ದರಲ್ಲಿ ನಿನ್ನ ತಪ್ಪೇನೂ ಇಲ್ಲ. ಮುಂದಿನ ಸಲ ಹೇಗೆ ಮಾಡೋಣ ಅಂತ ಇಬ್ಬರೂ ಸೇರಿ ಯೋಚನೆ ಮಾಡೋಣ." ಅವನ ನಾಚಿಕೆಯನ್ನು ಹಟ ಎಂದು ಕರೆಯಬೇಡಿ. ಏಳು ವರ್ಷಕ್ಕೆ ಮಕ್ಕಳಿಗೆ ತಾನು ಗಂಡು, ತಾನು ಹೆಣ್ಣು, ತನ್ನ ಮೈ ತನ್ನದು ಎನ್ನುವ ಅರಿವು ಚೆನ್ನಾಗಿಯೇ ಬಂದಿರುತ್ತದೆ. ಅದು ಬರಲೇಬೇಕು. ಆ ಅರಿವೇ ನಾಳೆ ಅವನನ್ನು ಕಾಯುತ್ತದೆ.

ಇನ್ನು ವಯಸ್ಸು. ಇಷ್ಟು ವರ್ಷದ ಹುಡುಗ ಲೇಡೀಸ್ ಟಾಯ್ಲೆಟ್‌ಗೆ ಬರಬಾರದು ಎಂಬ ಕಾನೂನು ನಮ್ಮಲ್ಲಿಲ್ಲ. ರೈಲ್ವೆಯವರು ಮಹಿಳಾ ಬೋಗಿಯಲ್ಲಿ ತಾಯಿಯ ಜೊತೆ 12 ವರ್ಷದೊಳಗಿನ ಗಂಡುಮಕ್ಕಳನ್ನು ಬಿಡುತ್ತಾರೆ. ಅಲ್ಲಿ ಹನ್ನೊಂದರ ಹುಡುಗನೂ ಅಮ್ಮನ ಪಕ್ಕ ಕೂರಬಹುದಾದರೆ, ಏಳರ ಹುಡುಗ ಅಮ್ಮನ ಜೊತೆ ಟಾಯ್ಲೆಟ್‌ಗೆ ಬಂದದ್ದು ಯಾವ ಲೆಕ್ಕದಲ್ಲೂ ಅಪರಾಧವಲ್ಲ. ಆದರೆ ಸಾಲಿನಲ್ಲಿದ್ದ ಹೆಂಗಸರ ಕಡೆಯಿಂದಲೂ ಸ್ವಲ್ಪ ನೋಡಿ. ಅಲ್ಲಿ ಸೀರೆ ಸರಿಮಾಡಿಕೊಳ್ಳುವವರಿರುತ್ತಾರೆ, ಆಗ ತಾನೇ ಮುಟ್ಟು ಶುರುವಾದ ಹುಡುಗಿಯರಿರುತ್ತಾರೆ. ಅವರ ಮುಜುಗರವೂ ನಿಜವೇ. ಹಾಗಾಗಿ ಕರೆದುಕೊಂಡು ಹೋದಾಗ ಕನ್ನಡಿಯ ಹತ್ತಿರ ನಿಲ್ಲಿಸಬೇಡಿ. ಸೀದಾ ಬಾಗಿಲಿರುವ ಒಂದು ಟಾಯ್ಲೆಟ್‌ಗೆ, ಕೆಲಸ ಮುಗಿಯುತ್ತಲೇ ಸೀದಾ ಹೊರಗೆ. ಯಾರಾದರೂ ಕೇಳಿದರೆ "ನನ್ನ ಮಗ, ಒಬ್ಬನೇ ಇದ್ದಾನೆ, ಹೊರಗೆ ಬಿಡಕ್ಕಾಗಲ್ಲ" ಎಂದು ಮೆತ್ತಗೆ ಹೇಳಿ. ಬಹಳಷ್ಟು ಹೆಂಗಸರಿಗೆ ಅಷ್ಟು ಸಾಕು. ಅವರೂ ತಾಯಂದಿರೇ ಅಲ್ವಾ?

ನಾನು ಒಂದನೇ ಕ್ಲಾಸಿಗೆ ಪಾಠ ಮಾಡಿದವಳು. ಇಂಟರ್‌ವಲ್ ಬೆಲ್ ಆದ ತಕ್ಷಣ ಯಾರಾದರೊಬ್ಬರು ಕಾಲು ಕುಣಿಸುತ್ತಾ ಬಂದು "ಮಿಸ್, ಹುಕ್ಕು ಬಿಚ್ಚಿ" ಎನ್ನುತ್ತಿದ್ದರು. ಎ, ಬಿ, ಸಿ, ಡಿ ಪೂರ್ತಿ ಬರುತ್ತದೆ, ಇಪ್ಪತ್ತರ ಮಗ್ಗಿ ಬರುತ್ತದೆ, ಚಡ್ಡಿಯ ಹುಕ್ಕು ಬಿಚ್ಚಲು ಬರುವುದಿಲ್ಲ! ಅದಕ್ಕೇ ಹೇಳುತ್ತೇನೆ, ವರ್ಷ ಎಣಿಸಬೇಡಿ, ಮಗನ ಕೈ ನೋಡಿ. ಹುಕ್ಕು, ಜಿಪ್ಪು ತಾನೇ ಬಿಚ್ಚಿ ಹಾಕುತ್ತಾನಾ? ಎರಡಕ್ಕೆ ಹೋದರೆ ತಾನೇ ಚೆನ್ನಾಗಿ ತೊಳೆದುಕೊಳ್ಳುತ್ತಾನಾ? ಮಗ್ಗು ಇಲ್ಲದೆ ಬರೀ ಜೆಟ್ ಸ್ಪ್ರೇ ಇದ್ದರೆ? ಕಮೋಡ್ ಇಲ್ಲದೆ ಕೂರುವ ಟಾಯ್ಲೆಟ್ ಇದ್ದರೆ, ನೆಲ ಒದ್ದೆಯಾಗಿದ್ದರೆ? ಮನೆಯಲ್ಲಿ ಕಮೋಡ್ ಮಾತ್ರ ಇರುವ ಮಕ್ಕಳು ಬಸ್ ನಿಲ್ದಾಣದ ಟಾಯ್ಲೆಟ್‌ನಲ್ಲಿ ಕೂರಲಾಗದೆ ಬಟ್ಟೆಯೆಲ್ಲಾ ಒದ್ದೆ ಮಾಡಿಕೊಳ್ಳುತ್ತಾರೆ. ಅಜ್ಜಿಮನೆಯಲ್ಲಿ ಹಳೇ ಥರದ್ದು ಇದ್ದರೆ ಅಲ್ಲೇ ಅಭ್ಯಾಸ ಮಾಡಿಸಿ. ಪ್ರಯಾಣದ ದಿನ ಎಲಾಸ್ಟಿಕ್ ಪ್ಯಾಂಟು ಹಾಕಿ. ಜೀನ್ಸು, ಬೆಲ್ಟು ಬೇಡ. ಒಳಚಡ್ಡಿಯಿಲ್ಲದೆ ಜಿಪ್ಪಿನ ಪ್ಯಾಂಟಂತೂ ಬೇಡವೇ ಬೇಡ. ಅವಸರದಲ್ಲಿ ಜಿಪ್ಪು ಎಳೆದು ಚರ್ಮ ಸಿಕ್ಕಿಹಾಕಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ.

ಚಿಲಕದ ವಿಷಯ ಬಹಳ ಜನ ಮರೆಯುತ್ತಾರೆ. ಸಾರ್ವಜನಿಕ ಟಾಯ್ಲೆಟ್‌ಗಳ ಚಿಲಕ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಎತ್ತರದಲ್ಲಿರುತ್ತದೆ. ಜೋರಾಗಿ ತಳ್ಳಿ ಹಾಕಿಕೊಂಡ ಮಗುವಿಗೆ ವಾಪಸ್ ತೆಗೆಯಲು ಬರುವುದಿಲ್ಲ. ಅದಕ್ಕೆ, ಬಾಗಿಲು ಮುಚ್ಚುವ ಮೊದಲೇ ಚಿಲಕವನ್ನು ಒಂದು ಸಲ ಹಾಕಿ ತೆಗೆದು ನೋಡಲು ಕಲಿಸಿ. ಬಿಗಿಯಾಗಿದ್ದರೆ ಪಕ್ಕದ ಟಾಯ್ಲೆಟ್‌ಗೆ ಹೋಗಲಿ. ನಿಮ್ಮ ಜೊತೆ ಇದ್ದರೆ ಬಾಗಿಲು ಬರೀ ಮುಂದೆ ಮಾಡಿಕೊಳ್ಳಲಿ, ನೀವು ಹೊರಗಿನಿಂದ ಹಿಡಿದುಕೊಳ್ಳಿ.

ಇಷ್ಟೆಲ್ಲಾ ಬರುತ್ತದೆ ಎಂದಾದರೆ ಸುಲಭದ ಜಾಗದಿಂದ ಶುರು ಮಾಡಿ. ಊಟಕ್ಕೆ ಹೋದ ಹೋಟೆಲಿನಲ್ಲಿ ಒಂದೇ ಕೋಣೆಯ ಟಾಯ್ಲೆಟ್ ಇದ್ದರೆ ಅದು ಬಹಳ ಒಳ್ಳೆಯದು. ಒಬ್ಬರು ಹೋದರೆ ಇನ್ನೊಬ್ಬರಿಗೆ ಜಾಗವಿಲ್ಲ. ಪೆಟ್ರೋಲ್ ಬಂಕ್‌ಗಳಲ್ಲೂ ಬಹಳ ಕಡೆ ಹಾಗೇ ಇರುತ್ತದೆ. ಮೊದಲು ನೀವೇ ಒಳಗೆ ಇಣುಕಿ ನೋಡಿ, ಆಮೇಲೆ ಅವನನ್ನು ಕಳಿಸಿ, ಬಾಗಿಲಲ್ಲೇ ನಿಲ್ಲಿ. ನಿಮ್ಮ ಮಗನಿಗೆ ಇದನ್ನು ಈಗಲೇ ಶುರು ಮಾಡಬಹುದು. ಡಾಕ್ಟರ ಕ್ಲಿನಿಕ್ಕು, ಚಿಕ್ಕ ಅಂಗಡಿ ಮಳಿಗೆಗಳ ಜೆಂಟ್ಸ್ ಟಾಯ್ಲೆಟ್ ಎಂಟರ ಹೊತ್ತಿಗೆ ಆದೀತು. ದೊಡ್ಡ ಬಸ್ ನಿಲ್ದಾಣ, ರೈಲು ನಿಲ್ದಾಣ, ಜಾತ್ರೆ, ಇವುಗಳಿಗೆ ಹತ್ತು ವರ್ಷದವರೆಗೂ ನಾನು ಅವಸರ ಮಾಡುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಥರದ ಜಾಗದಲ್ಲಿ ದೊಡ್ಡವರಿಗೇ ದಿಕ್ಕು ತಪ್ಪುತ್ತದೆ. ಮಗು ಹೋದ ಬಾಗಿಲು ಒಂದು, ಬಂದ ಬಾಗಿಲು ಇನ್ನೊಂದಾದರೆ ಏನು ಗತಿ? ಕಳಿಸುವ ಮೊದಲು ಎಷ್ಟು ಬಾಗಿಲಿದೆ ನೋಡಿ. ರಾತ್ರಿ ಬಸ್ಸು ಊಟಕ್ಕೋ ಟೀಗೋ ನಿಲ್ಲಿಸುವ ಹೈವೇ ಹೋಟೆಲುಗಳ ಹಿಂದೆ ಕತ್ತಲಲ್ಲಿರುವ ಟಾಯ್ಲೆಟ್‌ಗೆ ಹತ್ತರ ಹುಡುಗನನ್ನೂ ಒಬ್ಬನೇ ಕಳಿಸಬೇಡಿ. ಕಂಡಕ್ಟರಿಗೆ "ಮಗು ಇದೆ, ಸ್ವಲ್ಪ ತಡ ಆಗುತ್ತೆ" ಎಂದು ಮೊದಲೇ ಹೇಳಿಬಿಟ್ಟರೆ ಅವಸರ ತಪ್ಪುತ್ತದೆ.

ಜೆಂಟ್ಸ್ ಒಳಗೆ ಹೋದವನು ಗಂಡಸರು ನಿಂತು ಹೋಗುವ ಕಡೆ ನಿಲ್ಲುವುದು ಬೇಡ. ಅದು ಅವನ ಎತ್ತರಕ್ಕೂ ಎಟುಕುವುದಿಲ್ಲ. ಒಂದಕ್ಕಾದರೂ ಬಾಗಿಲಿರುವ ಟಾಯ್ಲೆಟ್‌ಗೇ ಹೋಗಲಿ. ನೀವು ಹೊರಗೆ ನಿಂತು ಆಗಾಗ ಜೋರಾಗಿ "ಪುಟ್ಟಾ, ಇಲ್ಲೇ ಇದ್ದೀನಿ" ಎನ್ನಿ. ಅವನಿಗೆ ಧೈರ್ಯ ಬರುತ್ತದೆ. ಒಳಗಿದ್ದವರಿಗೂ ಈ ಹುಡುಗನ ತಾಯಿ ಬಾಗಿಲಲ್ಲಿದ್ದಾಳೆ ಎಂದು ಗೊತ್ತಾಗುತ್ತದೆ. ಉತ್ತರ ಬರಲಿಲ್ಲವೋ, ಮುಲಾಜಿಲ್ಲದೆ ಒಳಗೆ ಹೋಗಿ. ಯಾರು ಏನು ಅಂದುಕೊಂಡರೂ ಅಂದುಕೊಳ್ಳಲಿ.

ಒಂದು ಮಾತ್ರ ಮಾಡಬೇಡಿ. ಒಳಗೆ ಹೋಗುತ್ತಿರುವ ಯಾರೋ ಗಂಡಸರಿಗೆ "ಅಣ್ಣಾ, ನನ್ನ ಮಗನ್ನ ಸ್ವಲ್ಪ ನೋಡ್ಕೊಳ್ಳಿ" ಎನ್ನುವುದು. ನಮ್ಮ ಕಡೆ ಇದು ಬಹಳ ಸಾಮಾನ್ಯ. ಹೆಚ್ಚಿನವರು ಒಳ್ಳೆಯವರೇ. ಆದರೆ ಆ ಮಾತಿನಿಂದ ಮಗುವಿಗೆ ಏನು ಗೊತ್ತಾಗುತ್ತದೆ? ಈ ಅಂಕಲ್ ಹೇಳಿದ್ದನ್ನು ಕೇಳಬೇಕು, ಅಮ್ಮನೇ ಒಪ್ಪಿಸಿದ್ದಾಳೆ ಎಂದು. ಗುರುತಿಲ್ಲದವರಿಗೆ ಆ ಅಧಿಕಾರ ಕೊಡಬೇಡಿ.

ಮಗನಿಗೆ ಇಷ್ಟು ಹೇಳಿಕೊಡಿ. ಒಳಗೆ ಯಾರೂ ನಿನ್ನ ಚಡ್ಡಿ ಮುಟ್ಟಬಾರದು, ಸಹಾಯ ಮಾಡ್ತೀನಿ ಅಂದರೂ ಬೇಡ ಅನ್ನು. ಯಾರೂ ತಮ್ಮದನ್ನು ನಿನಗೆ ತೋರಿಸಬಾರದು. ಯಾರೂ ಮೊಬೈಲ್ ಹಿಡಿಯಬಾರದು. ಹಾಗೇನಾದರೂ ಆದರೆ ಜೋರಾಗಿ ಕಿರುಚಿ ಓಡಿ ಬಾ. ಪ್ಯಾಂಟು ಹಾಕಿರದಿದ್ದರೂ ಪರವಾಗಿಲ್ಲ, ಹಾಗೇ ಬಾ, ಅಮ್ಮ ಬೈಯಲ್ಲ. ಈ ಕೊನೆಯ ಮಾತನ್ನು ಬಿಡದೆ ಹೇಳಿ. ಬರಿಮೈಯಲ್ಲಿ ಹೊರಗೆ ಬಂದರೆ ನಗುತ್ತಾರೆ ಎಂಬ ನಾಚಿಕೆಗೆ ಮಕ್ಕಳು ಒಳಗೇ ಉಳಿದುಬಿಡುತ್ತಾರೆ.

ಗಂಡುಮಕ್ಕಳಿಗೆ ಇದೆಲ್ಲಾ ಯಾಕೆ ಎನ್ನುವವರಿದ್ದಾರೆ. 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತನಾಡಿಸಿ ಒಂದು ವರದಿ ಕೊಟ್ಟಿತು. ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡುಮಕ್ಕಳೇ ಇದ್ದರು. ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಕೂಡ ಗಂಡು ಹೆಣ್ಣು ಎಂದು ನೋಡುವುದಿಲ್ಲ, 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಏನಾದರೂ ಆಗಿದೆ ಎಂದು ಅನುಮಾನ ಬಂದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ತೆಗೆಯುತ್ತಾರೆ.

ಹಾಗೆಂದು ಬಸ್ ನಿಲ್ದಾಣಕ್ಕೆ ಮಾತ್ರ ಹೆದರಿ ಉಳಿದ ಕಡೆ ಮೈಮರೆಯುವುದೂ ಸರಿಯಲ್ಲ. ಮಕ್ಕಳಿಗೆ ಕಿರುಕುಳ ಕೊಡುವವರಲ್ಲಿ ಗುರುತಿನವರೇ ಹೆಚ್ಚು. ಕಲ್ಯಾಣ ಮಂಟಪವನ್ನೇ ತೆಗೆದುಕೊಳ್ಳಿ. ಎಲ್ಲಾ ನಮ್ಮವರೇ ಎಂದು ಮಕ್ಕಳನ್ನು ಆಡಲು ಬಿಟ್ಟಿರುತ್ತೇವೆ. ಟಾಯ್ಲೆಟ್ ಇರುವುದು ಅಡುಗೆಮನೆ ದಾಟಿ, ಹಿಂದಿನ ಓಣಿಯಲ್ಲಿ. ಧಾರೆಯ ಹೊತ್ತಿಗೆ ಅತ್ತ ಕಡೆ ಒಬ್ಬರೂ ಇರುವುದಿಲ್ಲ. ಬಸ್ ನಿಲ್ದಾಣದಲ್ಲಿ ಬಾಗಿಲಲ್ಲಿ ನಿಲ್ಲುವ ತಾಯಿ ಇಲ್ಲೂ ನಿಲ್ಲಬೇಕು. "ಮಾವನ ಜೊತೆ ಹೋಗಿ ಬಾ" ಎಂದು ಕಳಿಸುವ ಮೊದಲು ಮಗನ ಮುಖ ನೋಡಿ. ಬೇಡ ಎಂದು ಹಿಂಜರಿದರೆ ಬಲವಂತ ಮಾಡಬೇಡಿ, ಕಾರಣವನ್ನು ಆಮೇಲೆ ಕೇಳಿ.

ಪ್ರಶ್ನೆ: ನನಗೆ ಐದು ವರ್ಷದ ಮಗಳು. ಹೆಂಡತಿ ಭಾನುವಾರವೂ ಡ್ಯೂಟಿಗೆ ಹೋಗುವುದರಿಂದ ಮಗಳನ್ನು ಪಾರ್ಕು, ಮಾಲ್ ಎಲ್ಲಾ ಕಡೆ ನಾನೇ ಕರೆದುಕೊಂಡು ಹೋಗುತ್ತೇನೆ. ಜೆಂಟ್ಸ್‌ಗೆ ಕರೆದುಕೊಂಡು ಹೋಗಲು ಮನಸ್ಸಿಲ್ಲ. ಲೇಡೀಸ್‌ಗೆ ನಾನು ಹೋಗುವಂತಿಲ್ಲ. ಏನು ಮಾಡಲಿ?
ಒಬ್ಬ ತಂದೆ, ಬೆಂಗಳೂರು

ಉತ್ತರ: ನಿಮ್ಮ ಪತ್ರ ನೋಡಿ ಸಂತೋಷವಾಯಿತು. ಮಗಳನ್ನು ಸುತ್ತಾಡಿಸುವ ಅಪ್ಪಂದಿರು ಜಾಸ್ತಿಯಾಗುತ್ತಿದ್ದಾರೆ. ಕಟ್ಟಡ ಕಟ್ಟುವವರು ಮಾತ್ರ ಇನ್ನೂ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗಂಡು, ಹೆಣ್ಣು ಎಂದು ಎರಡು ಬಾಗಿಲಿಟ್ಟು ಸುಮ್ನಾಗಿಬಿಡುತ್ತಾರೆ.

ಐದು ವರ್ಷದ ಮಗುವನ್ನು ಒಬ್ಬಳನ್ನೇ ಲೇಡೀಸ್‌ಗೆ ಕಳಿಸಬೇಡಿ. ಮಾಲ್, ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆಗಳಲ್ಲಿ ಗಾಲಿಕುರ್ಚಿಯವರಿಗೆಂದು ಬೇರೆಯೇ ಬಾಗಿಲಿನ ಟಾಯ್ಲೆಟ್ ಬಹಳ ಕಡೆ ಇರುತ್ತದೆ. ಅಲ್ಲಿರುವ ಸಿಬ್ಬಂದಿಯನ್ನು ಕೇಳಿ ಅದನ್ನು ಬಳಸಿ. ಅದು ಬೇಕೇಬೇಕಾದವರು ಯಾರಾದರೂ ಕಾಯುತ್ತಿದ್ದರೆ ಮೊದಲು ಅವರಿಗೆ ಬಿಡಿ. ಅದಿಲ್ಲದಿದ್ದರೆ ಜೆಂಟ್ಸ್‌ಗೇ ಕರೆದುಕೊಂಡು ಹೋಗಿ. ಬಾಗಿಲಲ್ಲಿ "ಮಗಳಿದ್ದಾಳೆ, ಒಳಗೆ ಬರ್ತಾ ಇದ್ದೀವಿ" ಎಂದು ಸ್ವಲ್ಪ ಜೋರಾಗಿ ಹೇಳಿ. ಗಂಡಸರು ತಾವೇ ಸರಿಯುತ್ತಾರೆ. ಅವಳನ್ನು ಎತ್ತಿಕೊಂಡು, ಮುಖ ನಿಮ್ಮ ಹೆಗಲ ಕಡೆಗಿರಲಿ, ಸೀದಾ ಒಳಗಿನ ಟಾಯ್ಲೆಟ್‌ಗೆ ಹೋಗಿ. ಚೀಲದಲ್ಲಿ ಒಂದು ಚಡ್ಡಿ, ಟಿಶ್ಯೂ, ನೀರಿನ ಬಾಟಲಿ ಇರಲಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹೆಣ್ಣುಮಕ್ಕಳಿಗೆ ಇದು ಮುಖ್ಯ. ಅವಳಿಗೂ ಹಾಗೇ ಕಲಿಸಿ. ಏಳೆಂಟರ ಹೊತ್ತಿಗೆ ಅವಳೇ ಲೇಡೀಸ್‌ಗೆ ಹೋಗುತ್ತಾಳೆ. ಆಗ ನೀವು ಬಾಗಿಲ ಹೊರಗೆ ನಿಂತು ಕೂಗುತ್ತಿರಿ. ಮೇಲೆ ಆ ತಾಯಿಗೆ ಹೇಳಿದ್ದೆಲ್ಲಾ ನಿಮಗೂ ಸೇರುತ್ತದೆ.

ಪ್ರಶ್ನೆ: ಮೊಮ್ಮಗನಿಗೆ ಆರು ವರ್ಷ. ಪೇಟೆಗೆ ಹೋದಾಗ ಒಂದಕ್ಕೆ ಬಂದರೆ ಮರದ ಹತ್ತಿರ, ಗೋಡೆ ಹತ್ತಿರ ನಿಲ್ಲಿಸುತ್ತೇನೆ. ಸೊಸೆ ಬೇಡ ಎನ್ನುತ್ತಾಳೆ. ಗಂಡು ಹುಡುಗ ತಾನೇ, ತಪ್ಪೇನು?
ಒಬ್ಬ ಅಜ್ಜಿ, ಹಾಸನ

ಉತ್ತರ: ಅಮ್ಮಾ, ಸೊಸೆ ಹೇಳುವುದು ಸರಿ. ದಾರಿಯಲ್ಲಿ ಏನೂ ಸಿಗದೆ ಮಗು ತಡೆಯಲಾರದೆ ಹೋದರೆ ಬೇರೆ ಮಾತು. ಆದರೆ ಪೇಟೆಯಲ್ಲಿ ಟಾಯ್ಲೆಟ್ ಇದ್ದೂ ಗೋಡೆ ತೋರಿಸಿದರೆ ಅವನು ದೊಡ್ಡವನಾದ ಮೇಲೂ ಗೋಡೆಯನ್ನೇ ಹುಡುಕುತ್ತಾನೆ. ಮನೆಯಲ್ಲಿ ಮೊಮ್ಮಗಳಿದ್ದರೆ ಅವಳಿಗೆ ಹಾಗೆ ಹೇಳುತ್ತಿರಲಿಲ್ಲ ಅಲ್ವಾ? "ಸ್ವಲ್ಪ ತಡ್ಕೋ, ಟಾಯ್ಲೆಟ್ ಹುಡುಕೋಣ" ಎನ್ನುತ್ತಿದ್ದಿರಿ. ಇವನಿಗೂ ಅದನ್ನೇ ಹೇಳಿ. ರಸ್ತೆ ಬದಿಯಲ್ಲಿ ಎಲ್ಲರೆದುರು ಚಡ್ಡಿ ಇಳಿಸಿ, ಆಮೇಲೆ "ಯಾರಿಗೂ ತೋರಿಸಬಾರದು" ಎಂದರೆ ಆರು ವರ್ಷದ ಮಗು ಯಾವುದನ್ನು ನಂಬಬೇಕು?

ಮನೆಯಿಂದ ಹೊರಡುವಾಗ ಒಂದು ಸಲ ಕಳಿಸಿ. ಪೇಟೆಯಲ್ಲಿ ಟಾಯ್ಲೆಟ್ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡಿರಿ. ಸೆರಗಿನ ಗಂಟಿನಲ್ಲಿ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ದುಡ್ಡು ತೆಗೆದುಕೊಳ್ಳುವ ಕಡೆ ಸಾಮಾನ್ಯವಾಗಿ ಒಬ್ಬರು ಕೂತಿರುತ್ತಾರೆ, ನೀರೂ ಇರುತ್ತದೆ. ಆರು ವರ್ಷದವನನ್ನು ನಿಮ್ಮ ಜೊತೆ ಲೇಡೀಸ್‌ಗೇ ಕರೆದುಕೊಂಡು ಹೋಗಿ. ಹೆಚ್ಚಿನವರು ಏನೂ ಅನ್ನುವುದಿಲ್ಲ.