ಬೈಯುವ ಮನೆಯ ಅಂಗಳದಲ್ಲಿ ಎಷ್ಟು ಹೊತ್ತು ನಿಲ್ಲಬೇಕು?

ನಿಮ್ಮ ಪ್ರಶ್ನೆ ಇದು: ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಮನೆಗಳಿಗೆ ಹೋಗಿ ಯೇಸುವಿನ ವಿಷಯ ಹೇಳುತ್ತೀರಿ, ಕೆಲವರು ಬೈಯುತ್ತಾರೆ, ಮೊನ್ನೆ ಒಬ್ಬರು ವಿಡಿಯೋ ಮಾಡಿದರು. ಎಚ್ಚರವೂ ಬೇಕು, ಪ್ರೀತಿಯೂ ಬತ್ತಬಾರದು, ಹೇಗೆ?

ಮತ್ತಾಯ 10:16ರಲ್ಲಿ ಹಾವಿನ ಜಾಣತನ, ಪಾರಿವಾಳದ ಸಾಧುತನ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾವು ಮಾತ್ರ ಮೊದಲು ಪಾರಿವಾಳ, ಬೈಗುಳ ಬಿದ್ದ ಮೇಲೆ ಹಾವು ಅಂತ ಸರದಿ ಹಚ್ಚಿಕೊಳ್ಳುತ್ತೇವೆ. ಎಚ್ಚರದ ಕೆಲಸವೆಲ್ಲ ಹೊರಡುವ ಮುಂಚೆಯೇ ಮುಗಿದಿರಲಿ ಅನ್ನುತ್ತೇನೆ ನಾನು. ಆಗ ಅಂಗಳದಲ್ಲಿ ನಿಂತು ಎದುರಿನವರನ್ನು ಸಂಶಯದಿಂದ ನೋಡುವ ಅಗತ್ಯ ಬೀಳುವುದಿಲ್ಲ.

ಇಬ್ಬರೇ ಹೋಗಿ. ಒಬ್ಬರೇ ಆದರೆ ಸಾಕ್ಷಿ ಇಲ್ಲ. ಆರು ಜನ ಕಾರಿನಿಂದ ಇಳಿದರೆ ಮನೆಯವರಿಗೆ ದಂಡು ಬಂದ ಹಾಗೆ ಕಾಣುತ್ತದೆ. ಚೀಲದಲ್ಲಿ ಎರಡು ಮೂರು ಪುಸ್ತಕ ಸಾಕು, ಕರಪತ್ರದ ಕಟ್ಟು ಬೇಡ. ಗುರುತಿನ ಚೀಟಿ, ಚಾರ್ಜ್ ಇರುವ ಮೊಬೈಲ್ ಜೊತೆಗಿರಲಿ. ಯಾವ ಕಡೆ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್ ಎಂದು ಸಭೆಯ ಒಬ್ಬರಿಗೆ ಹೇಳಿಟ್ಟಿರಿ. ಬೈಕು ರಸ್ತೆಗೆ ಮುಖ ಮಾಡಿ ನಿಲ್ಲಲಿ. ದೀಪ ಹೊತ್ತಿಸುವ ಹೊತ್ತು, ಶುಕ್ರವಾರದ ಮಧ್ಯಾಹ್ನ, ರಂಜಾನಿನ ಸಂಜೆ, ಮನೆಯಲ್ಲಿ ದೈವದ ನೇಮವೋ ತಿಥಿಯೋ ಇರುವ ದಿನ, ಇವೆಲ್ಲ ಬಿಟ್ಟುಬಿಡಿ. ದೊಡ್ಡವರು ಇಲ್ಲದಾಗ ಮಕ್ಕಳ ಕೈಗೆ ಪುಸ್ತಕವಾಗಲಿ, ಮಿಠಾಯಿಯಾಗಲಿ ಕೊಡಲೇಬೇಡಿ ಮಾರಾಯ್ರೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಅವರೇ ಕೂರಿ ಅಂದರೆ ಬೇರೆ ಮಾತು. ಬೆಲ್ಲ ನೀರು ಬಂತೆಂದರೆ ನೀವು ಅತಿಥಿ ಎಂದು ಅರ್ಥ, ಕೇಳುಗರು ಸಿಕ್ಕಿದರು ಎಂದಲ್ಲ.

ಇನ್ನು ನಾಲಿಗೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನೋವು ಕನ್ನಡದ ಮನೆಗಳಲ್ಲಿ ಇನ್ನೂ ಆರಿಲ್ಲ. ಅಂಥ ಮನೆಗೆ ಮಲಯಾಳದ ಕರಪತ್ರ ಹಿಡಿದು ಹೋದರೆ ಯೇಸುವಿನ ಹೆಸರು ಬರುವ ಮುಂಚೆಯೇ ಮುಖ ಗಂಟಾಗುತ್ತದೆ. ಅದನ್ನು ಸುವಾರ್ತೆಗೆ ಬಂದ ವಿರೋಧ ಎಂದು ಪ್ರಾರ್ಥನಾ ಕೂಟದಲ್ಲಿ ವರದಿ ಮಾಡುವುದು ಸುಳ್ಳಾಗುತ್ತದೆ. ಇನ್ನೊಂದು, ‘ಭೂತ’ ಎಂಬ ಪದ. ಘಟ್ಟದ ಮೇಲಿನಿಂದ ಬಂದ ಬೋಧಕರು ‘ಭೂತ ಬಿಡಿಸುತ್ತೇವೆ’ ಅಂದರೆ ಅವರ ಮನಸ್ಸಿನಲ್ಲಿರುವುದು ದೆವ್ವ. ತುಳುನಾಡಿನಲ್ಲಿ ಭೂತವೆಂದರೆ ದೈವ, ಮನೆತನ ತಲೆತಲಾಂತರದಿಂದ ಕೋಲ ಕಟ್ಟಿಸಿ ನಂಬಿಕೊಂಡು ಬಂದ ಶಕ್ತಿ. ಆ ಒಂದು ಪದಕ್ಕೆ ಮನೆಯವರು ಸಿಟ್ಟಾದರೆ ತಪ್ಪು ಅವರದ್ದಲ್ಲ.

ಕಾಸರಗೋಡಿನ ಎಣ್ಮಕಜೆಯಂಥ ಕಡೆ ಹೋಗುವವರು, ಅಲ್ಲಿನ ಎಷ್ಟೋ ಮನೆಗಳಿಗೆ ಕಾಯಿಲೆ ತಂದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ತಿಳಿಯದೆ ಹೋಗಲೇಬಾರದು. ಸುಮಾರು ಎರಡು ದಶಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ದೇಶದಲ್ಲಿ ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಹಾಸಿಗೆ ಹಿಡಿದ ಮಗುವನ್ನು ಎತ್ತಿ ಆಡಿಸಿದ ತಾಯಿ ಈಗಾಗಲೇ ಎಷ್ಟೋ ಮಂದಿಯ ಬಾಯಲ್ಲಿ ನಾಗನ ದೋಷ, ದೈವದ ಮುನಿಸು, ಹಿಂದಿನ ಜನ್ಮದ ಕರ್ಮ ಎಲ್ಲ ಕೇಳಿರುತ್ತಾಳೆ. ನೀವು ಹೋಗಿ ಪಾಪ, ಶಾಪ ಎಂದರೆ ಅದೇ ಸಾಲಿಗೆ ಸೇರುತ್ತೀರಿ. ಯೋಹಾನ 9ರಲ್ಲಿ ಹುಟ್ಟು ಕುರುಡನನ್ನು ತೋರಿಸಿ ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳಿದವರು ಶಿಷ್ಯರೇ. ಎರಡೂ ಅಲ್ಲ ಎಂದು ಯೇಸು ಬಾಯಿ ಮುಚ್ಚಿಸಿದ. ಅಂಥ ಮನೆಯಲ್ಲಿ ಗುಣವಾಗುತ್ತದೆ ಎಂಬ ಭರವಸೆ ಕೊಡಬೇಡಿ, ಔಷಧ ನಿಲ್ಲಿಸಿ ಎಂಬ ಮಾತಂತೂ ಬಾಯಿಗೆ ಬರಲೇಬಾರದು. ಪಿಂಚಣಿಯ ಕಾಗದಕ್ಕೆ, ಆಸ್ಪತ್ರೆಗೆ ನೆರವು ಬೇಕಾದರೆ ಮಾಡಿ. ಆದರೆ ಆ ದಿನ ಬೈಬಲ್ ಮನೆಯಲ್ಲೇ ಇರಲಿ. ಅಕ್ಕಿಯನ್ನೂ ಪ್ರಾರ್ಥನೆಯನ್ನೂ ಒಂದೇ ಚೀಲದಲ್ಲಿ ತಂದರೆ ಆಮಿಷವೆಂಬ ಆರೋಪಕ್ಕೆ ನೀವೇ ಪುರಾವೆ ಒದಗಿಸಿದಂತೆ.

ಸಿಟ್ಟಿನಲ್ಲೂ ವ್ಯತ್ಯಾಸ ಇದೆ. ನೊಂದವರ ಸಿಟ್ಟು ನಿಮ್ಮ ಕಣ್ಣನ್ನೇ ನೋಡಿ ಮಾತಾಡುತ್ತದೆ. ಸುಮ್ಮನೆ ಕೇಳಿ, ತಪ್ಪಾಗಿದ್ದರೆ ತಪ್ಪಾಯಿತು ಅನ್ನಿ. ವಾದಕ್ಕೆ ಬಂದವರಿಗೆ 1 ಪೇತ್ರ 3:15ರಂತೆ ಸಾತ್ವಿಕತೆಯಿಂದ ಉತ್ತರ ಕೊಡಿ, ಅವರ ದೇವರನ್ನು ಹೋಲಿಕೆಗೆ ಎಳೆಯದೆ. ಮೂರನೆಯ ಬಗೆಯವರು ನಿಮ್ಮನ್ನು ನೋಡುವುದಿಲ್ಲ, ರಸ್ತೆ ಕಡೆ ನೋಡುತ್ತಾರೆ, ಯಾರಿಗೋ ಫೋನ್ ಹಚ್ಚುತ್ತಾರೆ, ‘ಸ್ವಲ್ಪ ನಿಲ್ಲಿ’ ಅನ್ನುತ್ತಾರೆ. ಅಲ್ಲಿ ನಿಲ್ಲಬೇಡಿ. ‘ನಿಮಗೆ ಬೇಡವಾದರೆ ಹೊರಡುತ್ತೇವೆ, ನಮಸ್ಕಾರ’ ಎಂದು ನಡೆದು ಹೋಗಿ, ಓಡಬೇಡಿ. ಮೊಬೈಲ್ ಎತ್ತಿದರೆ ಕೈ ಅಡ್ಡ ಹಿಡಿಯಬೇಡಿ, ಕಸಿಯಬೇಡಿ. ಹೆಸರು, ಸಭೆ ಎರಡನ್ನೂ ಮೆಲ್ಲಗೆ ಹೇಳಿ ಹೊರಡಿ. ಹೀಗೆ ಹೊರಡುವುದರಲ್ಲಿ ಪ್ರೀತಿಯೂ ಇದೆ: ಮುಂದೆ ಪಶ್ಚಾತ್ತಾಪ ಪಡಬೇಕಾದ ಕೆಲಸ ಅವರ ಕೈಯಿಂದ ಆಗದಂತೆ ತಪ್ಪಿಸುತ್ತೀರಿ.

ಕಾನೂನನ್ನು ಚುಟುಕಾಗಿ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಡುತ್ತದೆ, ಸಾರ್ವಜನಿಕ ಶಾಂತಿ, ಆರೋಗ್ಯ, ನೈತಿಕತೆಗೆ ಒಳಪಟ್ಟು. ಇನ್ನೊಬ್ಬರನ್ನು ಮತಾಂತರಿಸುವುದು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ಬೇಕೆಂದೇ ಧರ್ಮನಿಂದೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು. ಆ ಕಲಮು ನಿಮಗೂ ಅನ್ವಯ, ನಿಮ್ಮನ್ನು ಬೈದವರಿಗೂ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ ಅಲ್ಲಿನ 2022ರ ಮತಾಂತರ ತಡೆ ಕಾಯ್ದೆಯ ಈಗಿನ ಸ್ಥಿತಿಯನ್ನು ವಕೀಲರಲ್ಲಿ ಕೇಳಿಕೊಂಡೇ ಹೋಗಿ.

ಕೈ ಮಾಡಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಗಾಯಕ್ಕೆ ಆಸ್ಪತ್ರೆಯ ಚೀಟಿ ತೆಗೆದಿಡಿ, ದಿನ, ಗಂಟೆ, ಜಾಗ, ಆಡಿದ ಮಾತು ಅದೇ ರಾತ್ರಿ ಬರೆದಿಡಿ. ದೂರು ಕೊಡುವುದು ದ್ವೇಷವಲ್ಲ. ಫಿಲಿಪ್ಪಿಯಲ್ಲಿ ಏಟು ತಿಂದ ಪೌಲನೇ ತನ್ನ ರೋಮನ್ ಪೌರತ್ವದ ಹಕ್ಕನ್ನು ಎತ್ತಿ ಅಧಿಕಾರಿಗಳನ್ನು ಸೆರೆಮನೆ ತನಕ ಬರಿಸಿದ. ಆದರೆ ಆ ಮನೆಯ ಫೋಟೋ, ‘ಇಲ್ಲಿ ಸೈತಾನನ ಕೋಟೆ’ ಎಂಬ ಬರಹ ನಿಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಂದರೆ ಅಂಗಳದಲ್ಲಿ ತೋರಿಸಿದ ತಾಳ್ಮೆಯೆಲ್ಲ ನಾಟಕವಾಗುತ್ತದೆ.

ಬೇಡ ಅಂದ ಮನೆಗೆ ಪುಸ್ತಕ ಹಿಡಿದು ಮತ್ತೆ ಹೋಗಬೇಡಿ. ಅದೇ ಜನ ಕುಂಬಳೆ ಪೇಟೆಯಲ್ಲಿ ಎದುರು ಸಿಕ್ಕಿದರೆ ತಲೆ ತಗ್ಗಿಸಿ ದಾಟಿಹೋಗಲೂ ಬೇಡಿ. ‘ಅಣ್ಣ, ಈ ಮಳೆಗೆ ಅಡಕೆಗೆ ಕೊಳೆರೋಗ ಹೇಗೆ, ಮದ್ದು ಬಿಟ್ಟಾಯಿತಾ?’ ಎಂದು ಕೇಳಿ. ಉತ್ತರ ಬಂದರೂ ಬಾರದಿದ್ದರೂ ಅಲ್ಲಿಗೆ ನಿಲ್ಲಿಸಿ.